ಕೆಜಿಎಫ್‌ನವನಾ? ಹಾಗಾದ್ರೆ ಚಿನ್ನ ಎಲ್ಲಿ?

ದುಬೈಗೆ ಹೋದ ಹೊಸದರಲ್ಲಿ ನನ್ನನ್ನು ಕಾಡಿದ್ದು ಬಿಸಿಲಲ್ಲ ಸ್ವಾಮಿ, ಒಂದೇ ಒಂದು ಪ್ರಶ್ನೆ... ಯಾವೂರು?

ಇಂಡಿಯಾ ಅಂದರೆ 'ಕೇರಳನಾ?' ಅನ್ನೋರು. ಕರ್ನಾಟಕ ಅಂದರೆ ಮುಖ ಮುಖ ನೋಡೋರು. ಬೆಂಗಳೂರು ಕಡೆ ಅಂದರೆ 'ಓ, ಕಂಪ್ಯೂಟರ್!' ಪಿಯುಸಿಗೆ ಅರ್ಧದಲ್ಲೇ ಕೈಮುಗಿದು ದೇರಾದ ಅಂಗಡಿಯೊಂದರಲ್ಲಿ ರಟ್ಟಿನ ಪೆಟ್ಟಿಗೆ ಹೊರುತ್ತಿದ್ದ ನನಗೂ ಕಂಪ್ಯೂಟರಿಗೂ ಎಲ್ಲಿಯ ನಂಟು? ರಾಜ್‌ಕುಮಾರ್ ನಾಡಿನವನು ಅಂದೆ ಒಮ್ಮೆ. ಪಾಪ, ಹಿಂದಿಯ ರಾಜ್‌ಕುಮಾರ್ ಅಂದುಕೊಂಡರು!

2022ರ ಏಪ್ರಿಲ್‌ನಲ್ಲಿ 'ಕೆಜಿಎಫ್' ಎರಡನೇ ಭಾಗ ಬಂತು ನೋಡಿ, ನನ್ನ ಅದೃಷ್ಟ ಖುಲಾಯಿಸಿತು. ನಾನು ಹುಟ್ಟಿ ಬೆಳೆದದ್ದೇ ಕೋಲಾರದ ಕೆಜಿಎಫ್‌ನಲ್ಲಿ! ಊರ ಹೆಸರು ಹೇಳಿದರೆ ಸಾಕು, 'ರಾಕಿ ಭಾಯ್!' ಅಂತ ಕೂಗೋರು. ಚಹಾದಂಗಡಿಯವನು ಒಂದು ದಿನ ದುಡ್ಡೇ ತಗೊಳ್ಳಲಿಲ್ಲ. ನಾನೂ ಕಾಲರ್ ಮೇಲೆತ್ತಿಕೊಂಡು ಓಡಾಡಿದೆ.

ಒಂದು ರಾತ್ರಿ ದೇರಾದ ಚಿನ್ನದ ಬಜಾರಿನ ಹತ್ತಿರ ಟ್ಯಾಕ್ಸಿ ಹತ್ತಿದೆ. ಓಡಿಸುವವನು ಪೇಶಾವರದ ಮುದುಕ.

'ದಿಲೀಪ್ ಕುಮಾರ್ ಹುಟ್ಟಿದ ಊರು ನಮ್ಮದು' ಅಂದ ಹೆಮ್ಮೆಯಿಂದ.

ನಾನು ಬಿಡ್ತೀನಾ? 'ನಮ್ಮದು ಕೆಜಿಎಫ್!' ಅಂದೆ.

ಕನ್ನಡಿಯಲ್ಲೇ ನನ್ನನ್ನು ನೋಡಿ ನಕ್ಕ. 'ಹಾಗಾದ್ರೆ ಮನೇಲಿ ಎಷ್ಟು ಚಿನ್ನ ಇಟ್ಟಿದ್ದೀಯ ಬೇಟಾ?'

ತಮಾಷೆಗೇ ಕೇಳಿದ್ದು. ನನ್ನ ಗಂಟಲು ಕಟ್ಟಿತು.

ಸಿನಿಮಾದ ನಾರಾಚಿ ಬರೀ ಕಲ್ಪನೆ. ನಮ್ಮ ಚಾಂಪಿಯನ್ ರೀಫ್ ನಿಜ. ಮೂರು ಕಿಲೋಮೀಟರಿಗೂ ಹೆಚ್ಚು ಆಳ. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಎಳೆದು ತಂದದ್ದು ಈ ಗಣಿಗಳಿಗಾಗಿ. ಅಪ್ಪ ಅಲ್ಲಿನ ಕಾರ್ಮಿಕರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನನಗಾಗ ನಾಲ್ಕು ವರ್ಷ. ಅದೇ ವರ್ಷ ಅಮ್ಮನ ಕಿವಿಯೋಲೆ ಗಿರವಿ ಅಂಗಡಿ ಸೇರಿತು. ಮತ್ತೆ ಬಿಡಿಸಲಾಗಲಿಲ್ಲ. ಚಿನ್ನ ಅಗೆದವರ ಮನೆಯಲ್ಲಿ ಗುಂಜಿ ಚಿನ್ನ ಇರಲಿಲ್ಲ!

ಅಪ್ಪ ಬೆಂಗಳೂರಿನಲ್ಲಿ ವಾಚ್‌ಮನ್ ಆದರು. ಮಾರಿಕುಪ್ಪಂನಿಂದ ರೈಲು. ಕತ್ತಲಲ್ಲಿ ಹೋಗಿ ಕತ್ತಲಲ್ಲೇ ಬರೋರು. ಊರಲ್ಲಿ ಉಳಿದದ್ದು ಚಿನ್ನ ತೆಗೆದು ಸುರಿದ ಮಣ್ಣಿನ ಗುಡ್ಡಗಳು. ಸೈನೈಡ್ ಗುಡ್ಡ ಅಂತೀವಿ. ಸಿನಿಮಾ ಸೆಟ್ ಎದ್ದದ್ದೂ ಅಲ್ಲೇ. ಪರದೆ ಮೇಲೆ ಆ ಧೂಳು ಎದ್ದಾಗ ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ಅದೇ ಧೂಳು ಗಾಳಿಗೆ ನಮ್ಮ ಅನ್ನದ ತಟ್ಟೆಗೂ ಬರುತ್ತಿತ್ತು.

ಇಷ್ಟನ್ನೂ ಹರಕು ಮುರುಕು ಹಿಂದಿಯಲ್ಲಿ ಮುದುಕನಿಗೆ ಹೇಳಿಬಿಟ್ಟೆ. ಎರಡು ಸಿಗ್ನಲ್ ದಾಟುವವರೆಗೂ ಅವನು ಸುಮ್ಮನಿದ್ದ. ಆಮೇಲೆ ಅಂದ: 'ದಿಲೀಪ್ ಸಾಬ್ ಮನೆಯೂ ಪಾಳುಬಿದ್ದಿದೆ ಬೇಟಾ. ಆದರೂ ಅವರ ಹೆಸರು ಹೇಳದಿದ್ದರೆ ನನ್ನ ಮಾತು ಯಾರು ಕೇಳ್ತಾರೆ?'

ನಾನು ಊರಿಗೆ ವಾಪಸಾಗುವವರೆಗೂ ಅದನ್ನೇ ಪಾಲಿಸಿದೆ. ಯಾರಾದರೂ ಯಾವೂರು ಅಂದರೆ ಮೊದಲು ಕೆಜಿಎಫ್ ಅನ್ನುತ್ತಿದ್ದೆ. ರಾಕಿ ಭಾಯ್ ಕೂಗು ಮುಗಿಯಲಿ ಅಂತ ಕಾಯುತ್ತಿದ್ದೆ. ಆಮೇಲೆ, 'ಅದು ಸಿನಿಮಾ. ನಮ್ಮಪ್ಪನ ಕಥೆ ಕೇಳ್ತೀರಾ?'

ಅರ್ಧ ಜನ ಎದ್ದು ಹೋಗೋರು. ಉಳಿದವರು ಇನ್ನೊಂದು ಚಹಾ ಹೇಳೋರು.