ಮೇಗರವಳ್ಳಿಯ ಉಪ್ಪಾಗೆಯೂ ತೂಕ ಇಳಿಸುವ ಗುಳಿಗೆಯೂ

ತೀರ್ಥಹಳ್ಳಿ ಬಿಟ್ಟು ಆಗುಂಬೆಯ ರಸ್ತೆ ಹಿಡಿದರೆ ಅಡಿಕೆ ತೋಟ, ಗದ್ದೆಬಯಲು, ಮತ್ತೆ ಕಾಡು ಒಂದರ ಹಿಂದೊಂದು ಬರುತ್ತವೆ. ಈ ದಾರಿಯಲ್ಲೇ ಮೇಗರವಳ್ಳಿ ಇದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಈ ಹೆಸರು ಹೊಸದಲ್ಲ. ಮುಂದೆ ಹೋದಂತೆಲ್ಲ ಮಳೆ ಹೆಚ್ಚು, ಕಾಡು ದಟ್ಟ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಈ ಸೀಮೆಯ ಒಂದು ಹುಳಿ ಹಣ್ಣು ನಮ್ಮ ಅಡುಗೆಮನೆಯಿಂದ ಹೊರಟು ದೂರದ ಅಮೆರಿಕದ ಔಷಧಿ ಅಂಗಡಿಗಳವರೆಗೆ ಹೋಗಿದೆ. ಅದೇ ಉಪ್ಪಾಗೆ.

ಉಪ್ಪಾಗೆ ಮರವನ್ನು ಗುರುತಿಸುವುದು ಕಷ್ಟವಲ್ಲ. ಎಲೆ ಕಡುಹಸಿರು, ಹೊಳಪು. ತೊಗಟೆ ಗಾಯವಾದರೆ ಹಳದಿ ಅಂಟು ಒಸರುತ್ತದೆ. ಹಣ್ಣಿಗೆ ಸಣ್ಣ ಕುಂಬಳದಂತೆ ಉದ್ದುದ್ದ ಗೆರೆಗಳಿದ್ದು, ಮಳೆಗಾಲದಲ್ಲಿ ಹಳದಿಯಾಗಿ ಮಾಗುತ್ತದೆ. ಬಿಸಿಲೇ ಕಾಣದ ಆ ದಿನಗಳಲ್ಲಿ ಸಿಪ್ಪೆಯನ್ನು ಒಣಗಿಸಲು ಒಲೆಯ ಶಾಖ ಮತ್ತು ಹೊಗೆಯೇ ಗತಿ. ಕಪ್ಪಾದ ಒಣಸಿಪ್ಪೆ ಸಾರಿಗೂ ಮೀನಿನ ಪಲ್ಯಕ್ಕೂ ಹುಳಿಯಾಗುತ್ತದೆ. ಬೀಜದಿಂದ ತುಪ್ಪ ತೆಗೆಯುತ್ತಾರೆ. ಕೊಡಗಿನ ಕಾಚಂಪುಳಿ, ಕೇರಳದ ಕುಡಂಪುಳಿ ಎಂದರೂ ಇದೇ ಹಣ್ಣಿನವು. ಸಂಧಿವಾತಕ್ಕೆ, ಹೊಟ್ಟೆಯ ತೊಂದರೆಗೆ ಸಿಪ್ಪೆಯ ಕಷಾಯ ಕೊಡುವುದು, ಜಾನುವಾರುಗಳ ಬಾಯಿಹುಣ್ಣಿಗೆ ಅದರಿಂದ ತೊಳೆಯುವುದು ಹಿಂದಿನಿಂದ ಬಂದ ರೂಢಿ.

ಈ ಹುಳಿ ಯಾವುದು? ಬಹುಕಾಲ ಇದನ್ನು ಸಿಟ್ರಿಕ್ ಅಥವಾ ಟಾರ್ಟಾರಿಕ್ ಆಮ್ಲವೆಂದೇ ತಿಳಿದಿದ್ದರು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ ಇದರ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ತೋರಿಸಿದರು. ನಿಂಬೆಹಣ್ಣಿನ ಸಿಟ್ರಿಕ್ ಆಮ್ಲದ ಅಣುವಿನಲ್ಲಿ 6 ಇಂಗಾಲ, 8 ಜಲಜನಕ, 7 ಆಮ್ಲಜನಕದ ಪರಮಾಣುಗಳಿವೆ. ಉಪ್ಪಾಗೆಯ ಆಮ್ಲದಲ್ಲಿ ಆಮ್ಲಜನಕ 8, ಉಳಿದದ್ದು ಅಷ್ಟೇ. ವ್ಯತ್ಯಾಸ ಒಂದೇ ಒಂದು ಪರಮಾಣು!

ಆ ಒಂದು ಪರಮಾಣುವಿನಿಂದ ದೊಡ್ಡ ಕಥೆಯೇ ಹುಟ್ಟಿತು. ನಾವು ಉಂಡ ಅನ್ನದಲ್ಲಿ ಮಿಕ್ಕಿದ್ದನ್ನು ದೇಹ ಕೊಬ್ಬಾಗಿ ಕೂಡಿಡುತ್ತದೆಯಷ್ಟೆ. ಅದಕ್ಕಾಗಿ ಜೀವಕೋಶದ ಒಂದು ಕಿಣ್ವ ಸಿಟ್ರೇಟನ್ನು ಒಡೆಯಬೇಕು. ಕಿಣ್ವವನ್ನು ಬೀಗವೆಂದು ತಿಳಿದರೆ ಸಿಟ್ರೇಟ್ ಅದರ ಕೀಲಿ. ಉಪ್ಪಾಗೆಯ ಆಮ್ಲ ಅದೇ ಆಕಾರದ ಕಳ್ಳಕೀಲಿ: ಬೀಗದೊಳಗೆ ಹೋಗುತ್ತದೆ, ತಿರುಗುವುದಿಲ್ಲ, ನಿಜವಾದ ಕೀಲಿಗೂ ಜಾಗ ಬಿಡುವುದಿಲ್ಲ. ಈ ತಡೆಯನ್ನು 1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದರು. ಮುಂದಿನ ದಶಕದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲೂ ಕೊಬ್ಬಿನ ತಯಾರಿ ತಗ್ಗಿತು. 'ಹಾಗಾದರೆ ಮನುಷ್ಯನ ಬೊಜ್ಜೂ ಕರಗಬೇಕಲ್ಲ?' ಎಂದು ವ್ಯಾಪಾರಿಗಳು ಲೆಕ್ಕ ಹಾಕಿದರು. 1990ರ ದಶಕದಲ್ಲಿ 'ಗಾರ್ಸಿನಿಯಾ' ಹೆಸರಿನ ಗುಳಿಗೆಗಳು ಅಂಗಡಿ ತುಂಬಿದವು.

ಇಲಿಯಿಂದ ಮನುಷ್ಯನಿಗೆ ಹಾರುವ ಮೊದಲು ಒಂದು ಪರೀಕ್ಷೆ ಆಗಬೇಕಿತ್ತು. ಅದು 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ತೂಕ ಹೆಚ್ಚಿದ್ದ 135 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಎಲ್ಲರಿಗೂ ಒಂದೇ ಬಗೆಯ ಪಥ್ಯ ಹೇಳಿದರು. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಆಮ್ಲದ ಗುಳಿಗೆ. ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಹುಸಿ ಗುಳಿಗೆ. 12 ವಾರಗಳ ಬಳಿಕ ಉಪ್ಪಾಗೆಯ ಗುಂಪು ಸರಾಸರಿ 3.2 ಕಿಲೋ ಇಳಿದಿತ್ತು. ಹುಸಿ ಗುಳಿಗೆಯ ಗುಂಪು 4.1 ಕಿಲೋ! ಈ ಅಂತರ ಲೆಕ್ಕಕ್ಕೆ ಬರುವಷ್ಟು ದೊಡ್ಡದಲ್ಲ. ಅಂದರೆ ತೂಕ ಇಳಿಸಿದ್ದು ಪಥ್ಯ, ಗುಳಿಗೆಯಲ್ಲ. ಮುಂದೆ ಗಾರ್ಸಿನಿಯಾ ಇದ್ದ ಗುಳಿಗೆ ನುಂಗಿದ ಕೆಲವರ ಪಿತ್ತಜನಕಾಂಗಕ್ಕೆ ಪೆಟ್ಟಾದ ವರದಿಗಳೂ ಬಂದವು. ಸಾರಿನ ಸಿಪ್ಪೆಯ ಮಾತು ಬೇರೆ, ಸಾರ ತೆಗೆದು ದಿನವೂ ನುಂಗುವ ಗುಳಿಗೆಯ ಮಾತು ಬೇರೆ.

ಈ ಲೆಕ್ಕಾಚಾರದ ಬೆಲೆಯನ್ನು ಕಾಡೂ ತೆತ್ತಿತು. ಸಿಪ್ಪೆಯ ದರ ಏರಿದಾಗ, 'ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ' ಎಂದು ಮಾಗುವ ಮೊದಲೇ ಕಾಯಿ ಕಿತ್ತರು. ಕೊಂಬೆಗಳನ್ನೇ ಕಡಿದದ್ದೂ ಉಂಟು. ಒಣಗಿಸಲು ಕಾಡಿನದೇ ಸೌದೆ. ಉತ್ತರ ಕನ್ನಡದ ಕಾಡುಗಳಲ್ಲಿ ಇದನ್ನು ಸಂಶೋಧಕರು ಅಧ್ಯಯನ ಮಾಡಿ ಬರೆದಿದ್ದಾರೆ. ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೂ ಈ ಹಣ್ಣು ಆಹಾರ. ಉಪ್ಪಾಗೆಯ ಬೀಜ ಮೊಳೆಯಲು ತಿಂಗಳುಗಟ್ಟಲೆ ಬೇಕು. ಏರಿದ ದರ ಅಷ್ಟು ದಿನ ಕಾಯುವುದಿಲ್ಲ.

ಹಾಗೆಂದು ಗಿಡಮರಗಳ ಔಷಧವೆಲ್ಲ ಸುಳ್ಳೆಂದು ತಿಳಿಯಬಾರದು. ಪಶ್ಚಿಮ ಘಟ್ಟದಲ್ಲಿ ದುರ್ವಾಸನೆ ಮರವೆಂಬುದೊಂದಿದೆ; ಹೂವಿನ ನಾತದಿಂದ ಬಂದ ಹೆಸರು. ಚೀನಾದ ಒಂದು ಮರದಿಂದ ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ಭಾರತೀಯ ಮೂಲದ ಮನ್ಸುಖ್ ವಾನಿ 1966ರಲ್ಲಿ ಪ್ರಕಟಿಸಿದ ಕ್ಯಾಂಪ್ಟೊಥೆಸಿನ್ ಎಂಬ ಸಂಯುಕ್ತ, ನಮ್ಮ ಈ ಮರದಲ್ಲೂ ಹೇರಳವಾಗಿದೆಯೆಂದು ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ 1972ರಲ್ಲಿ ತಿಳಿಸಿದರು. ಅದು ಕ್ಯಾನ್ಸರ್ ಕೋಶವನ್ನು ಹೇಗೆ ಕೊಲ್ಲುತ್ತದೆಂದು 1985ರಲ್ಲಿ ಗೊತ್ತಾಯಿತು. ಅದನ್ನು ಮಾರ್ಪಡಿಸಿ ಮಾಡಿದ ಎರಡು ಔಷಧಗಳು ರೋಗಿಗಳ ಮೇಲಿನ ಪರೀಕ್ಷೆ ದಾಟಿ 1996ರಲ್ಲಿ ಅಮೆರಿಕದಲ್ಲಿ ಮಾನ್ಯವಾದವು. ಮೂವತ್ತು ವರ್ಷ ಹಿಡಿಯಿತು. ಆದರೆ ಬೇಡಿಕೆ ಬಂದಾಗ ಈ ಮರಕ್ಕೂ ಕೊಡಲಿ ಬಿತ್ತು.

ವಿದ್ಯಾರ್ಥಿಗಳು ಇಲ್ಲಿ ಮೂರು ಮೆಟ್ಟಿಲುಗಳನ್ನು ನೆನಪಿಡಬೇಕು. ಗಿಡದಲ್ಲಿ ಯಾವ ಸಂಯುಕ್ತವಿದೆ? ಪ್ರಯೋಗಾಲಯದಲ್ಲಿ ಅದು ಏನು ಮಾಡುತ್ತದೆ? ಹುಸಿ ಗುಳಿಗೆಯೊಂದಿಗೆ ಹೋಲಿಸಿದಾಗ ಮನುಷ್ಯರಲ್ಲಿ ಏನಾಯಿತು? ಉಪ್ಪಾಗೆಯ ಗುಳಿಗೆ ಎರಡು ಮೆಟ್ಟಿಲು ಹತ್ತಿ ಮೂರನೆಯದರಲ್ಲಿ ಜಾರಿತು. ಮಕ್ಕಳ ತೂಕ, ಎತ್ತರ, ನೆನಪಿನ ಶಕ್ತಿಗೆಂದು 'ನೈಸರ್ಗಿಕ' ಡಬ್ಬಿಗಳನ್ನು ಕೊಳ್ಳುವ ತಂದೆತಾಯಿಗಳೂ ಈ ಮೂರನೆಯ ಪ್ರಶ್ನೆಯನ್ನು ಕೇಳಲಿ; ಉತ್ತರ ಸಿಗದಿದ್ದರೆ ಹಣ ಕಿಸೆಯಲ್ಲೇ ಇರಲಿ.

ಮಳೆಗಾಲದಲ್ಲಿ ಮೇಗರವಳ್ಳಿಯ ಕಡೆ ಹೋದರೆ ಉಪ್ಪಾಗೆ ಮರವನ್ನು ಮಕ್ಕಳಿಗೆ ತೋರಿಸಿ. ಬಿದ್ದ ಹಣ್ಣನ್ನು ಬಿಡಿಸಿ ನೋಡಲಿ, ಸಿಪ್ಪೆಯ ಚೂರನ್ನು ನಾಲಿಗೆಗಿಟ್ಟು ಹುಳಿ ಎಷ್ಟೆಂದು ತಿಳಿಯಲಿ. ಬೀಜವನ್ನು ಮಾತ್ರ ಮರದ ಬುಡದಲ್ಲೇ ಬಿಟ್ಟು ಬರಲಿ.