ಚಿಂಬಲಿನ ಕುಲುಮೆಯಲ್ಲಿ ಕಂಡ ನೀಲಿ

ಪಣಜಿಯಿಂದ ಹಳೆ ಗೋವೆಗೆ ಹೋಗುವವರಿಗೆ ಎರಡು ದಾರಿಗಳುಂಟು. ಒಂದು, ಪೋರ್ಚುಗೀಸರು 1630ರ ದಶಕದಲ್ಲಿ ಕಟ್ಟಿಸಿದ ಉದ್ದನೆಯ ಕಲ್ಲುಸೇತುವೆಯನ್ನು ಹಾಯ್ದು ರಿಬಂದರದ ಮೂಲಕ ಮಾಂಡವಿಯ ದಂಡೆಗುಂಟ ಸಾಗುವುದು. ಇನ್ನೊಂದು, ಕದಂಬ ಅರಸರ ಹೆಸರು ಹೊತ್ತ ಪ್ರಸ್ಥಭೂಮಿಯ ಮೇಲಿನ ಹೆದ್ದಾರಿ. ಇವೆರಡರ ನಡುವೆ ಚಿಂಬಲ್ ಗ್ರಾಮವಿದೆ. ಇಲ್ಲಿಯ ಇಂದಿರಾನಗರದ ಓಣಿಗಳನ್ನು ಹೊಕ್ಕರೆ ಕೊಂಕಣಿಗಿಂತ ಮೊದಲು ಕನ್ನಡವೇ ಕಿವಿಗೆ ಬೀಳುತ್ತದೆ. 1961ರ ವಿಮೋಚನೆಯ ತರುವಾಯ ಕಟ್ಟಡಗಳ ಕೆಲಸವನ್ನರಸಿ ಉತ್ತರ ಕರ್ನಾಟಕದಿಂದ ಗೋವೆಗೆ ಬಂದ ಎಷ್ಟೋ ಕುಟುಂಬಗಳಿಗೆ ಇಂಥ ಓಣಿಗಳೇ ತವರಾಗಿವೆ.

ನಾನು ಅಲ್ಲಿಗೆ ಹೋದುದು ಒಂದು ವಿಚಿತ್ರವಾದ ಪ್ರಶ್ನೆಯೊಡನೆ. ಕೊಡಗಿನ ಮಿತ್ರರೊಬ್ಬರ ಮನೆಯಲ್ಲಿ ಹಿರಿಯರ ಕಾಲದ ಬಂದೂಕೊಂದಿದೆ. ಸೆಪ್ಟೆಂಬರಿನ ಕೈಲ್ ಪೋಳ್ದ್ ಹಬ್ಬದಲ್ಲಿ ಅದಕ್ಕೆ ತೋಕ್ ಪೂವು ಮುಡಿಸಿ ಪೂಜಿಸುತ್ತಾರೆ. ಅದರ ತಿರುಪುಮೊಳೆಗಳ ಮೇಲೆ ಹಿಂದೆ ನವಿಲುಗರಿಯಂಥ ನೀಲಿ ಇತ್ತಂತೆ, ಈಗ ಮಾಸಿದೆ. "ಒಳಗಿನ ಸಣ್ಣ ಭಾಗಗಳನ್ನೆಲ್ಲ ಬಿಚ್ಚಿ ಒಲೆಯ ಮೇಲೆ ಕಾಯಿಸಿದರೆ ಆ ನೀಲಿ ಮರಳಿ ಬರುವುದೇ?" ಎಂದು ಅವರು ಪತ್ರ ಬರೆದಿದ್ದರು. ಕಬ್ಬಿಣದ ಬಣ್ಣ ಬಲ್ಲವರು ಕಮ್ಮಾರರಲ್ಲದೆ ಇನ್ನಾರು?

ಓಣಿಯ ಅಂಚಿನ ತಗಡಿನ ಮಾಡಿನ ಕೆಳಗೆ ಹಿರಿಯರೊಬ್ಬರು ಕಲ್ಲುಕುಟಿಗರ ಉಳಿಗಳಿಗೆ ಹದ ಕೊಡುತ್ತಿದ್ದರು. ಕೆಂಪಗೆ ಕಾದ ಉಳಿಯ ಮೂತಿಯನ್ನಷ್ಟೇ ನೀರಿಗದ್ದಿ, ಸಾಣೆಕಲ್ಲಿನ ಚೂರಿನಿಂದ ಉಜ್ಜಿ ಬೆಳ್ಳಗೆ ಮಾಡಿ, ಬೆಳಕಿಗೆ ಹಿಡಿದರು. ಹಿಂಬದಿಯಲ್ಲಿ ಉಳಿದ ಕಾವು ಮೂತಿಯತ್ತ ಹರಿಯತೊಡಗಿದಂತೆ ಬಣ್ಣಗಳೂ ಸಾಲುಗಟ್ಟಿ ಬಂದವು.

"ನೋಡು ತಮ್ಮಾ, ಇದು ಗೋದಿಹುಲ್ಲಿನ ಬಣ್ಣ. ಹಿಂದ ಕಂದು ಬರತೈತಿ, ಅದರ ಹಿಂದ ಬದನಿಕಾಯಿ ಬಣ್ಣ. ನೀಲಿ ಮೂತಿಗೆ ಮುಟ್ಟಿತಂದ್ರ ಕಲ್ಲಿಗೆ ನಡಿಯಂಗಿಲ್ಲ, ಮೆತ್ತಗಾಗತೈತಿ" ಎಂದವರೇ ಉಳಿಯನ್ನು ಪೂರ್ತಿ ನೀರಿಗಿಳಿಸಿದರು.

ವಿಜ್ಞಾನ ಹೇಳುವುದೂ ಇದನ್ನೇ. ಕಾದ ಉಕ್ಕಿನ ಮೇಲೆ ಗಾಳಿಯ ಆಮ್ಲಜನಕದಿಂದ ತೆಳುವಾದ ಪೊರೆ ಕಟ್ಟುತ್ತದೆ. ಅದರ ದಪ್ಪ ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ನೀರಿನ ಮೇಲೆ ಎಣ್ಣೆ ಹರಡಿದಾಗ ಕಾಣುವಂತೆ, ಬೆಳಕಿನ ಆಟದಿಂದ ಅದು ಬಣ್ಣ ತೋರುತ್ತದೆ. ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುಲ್ಲುಹಳದಿ, 280ರ ಸುಮಾರಿಗೆ ನೇರಳೆ, 300ರ ಆಸುಪಾಸಿನಲ್ಲಿ ನೀಲಿ. ಬಂದೂಕಿನ ಕುಶಲಕರ್ಮಿಗಳು ಮೊಳೆಗಳನ್ನು ಕನ್ನಡಿಯಂತೆ ಉಜ್ಜಿ, ಜಿಡ್ಡು ತೆಗೆದು, ಹಿತ್ತಾಳೆಯ ಅರಪುಡಿಯ ಮೇಲಿಟ್ಟು ಸಮನಾಗಿ ಕಾಯಿಸಿ ಈ ನೀಲಿಯನ್ನು ಪಡೆಯುತ್ತಿದ್ದರು. ಕೈಗಡಿಯಾರಗಳ ಮುಳ್ಳಿನ ನೀಲಿಯೂ ಇದೇ ವಿದ್ಯೆ.

ಮಿತ್ರರ ಪತ್ರವನ್ನು ಓದಿ ಹೇಳಿದೆ. ಹಿರಿಯರು ಬಂದೂಕಿನ ಕೆಲಸ ಮಾಡುವವರಲ್ಲ, ಆದರೂ ಕ್ಷಣಕಾಲ ಯೋಚಿಸಿ, "ಮೊಳಿಗೆ ಆಗಬಹುದು. ಒಳಗ ಒಂದಕ್ಕೊಂದು ಕಚ್ಚಿ ಹಿಡಿಯೂ ಕೊಂಡಿಗೆ ಬ್ಯಾಡ ಅನ್ನು" ಎಂದರು. ತಮ್ಮ ಎಡಗಣ್ಣನ್ನು ತೋರಿಸಿದರು, ಅದರಲ್ಲಿ ದೃಷ್ಟಿಯಿಲ್ಲ. ಪ್ರಾಯದಲ್ಲಿ ಹದ ಬಿಡದೆ ಕೊಟ್ಟ ಉಳಿಯೊಂದರ ಮೂತಿ ಸಿಡಿದು ಹೋದ ಕಣ್ಣು. "ಹದ ಹೆಚ್ಚಾದರ ಸಿಡೀತೈತಿ, ಇಳಿದರ ಸವೀತೈತಿ" ಎಂದಷ್ಟೇ ಹೇಳಿ ತಿದಿಗೆ ಕೈಹಾಕಿದರು.

ಅವರ ಮಾತಿನ ತೂಕ ನನಗೆ ಆಗ ತಿಳಿಯಿತು. ಎತ್ತಿ ನಿಲ್ಲಿಸಿದ ಕುದುರೆಯನ್ನು ತಡೆದು ಹಿಡಿಯುವ ಕೊಂಡಿಯ ಅಂಚು ಗಡುಸಾಗಿರಬೇಕು. ಅಂದಕ್ಕಾಗಿ ಅದನ್ನು 300 ಡಿಗ್ರಿಗೆ ಕಾಯಿಸಿದರೆ ಗಡುಸುತನ ಇಳಿದು, ಅಂಚು ಸವೆದು, ಮುಂದೊಂದು ದಿನ ಟ್ರಿಗರ್ ಒತ್ತದೆಯೇ ಗುಂಡು ಹಾರಬಹುದು. ಬಣ್ಣ ಬೇಡವೆಂದು ಉಜ್ಜಿದರೆ ನೀಲಿ ಹೋದೀತು. ಬೆಂಕಿ ಒಳಗೆ ಮಾಡಿದ ಕೆಲಸ ಹೋಗದು. ಅಂಥ ಭಾಗಗಳಿಗೆ ಕಾರ್ಖಾನೆಗಳು ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ಕುದಿಯುವ ದ್ರಾವಣವನ್ನು ಬಳಸುತ್ತವೆ. ಅದರ ಕಾವು 140 ಡಿಗ್ರಿಯ ಸುಮಾರು. ಕಪ್ಪುನೀಲಿಯ ಲೇಪ ಬರುತ್ತದೆ, ಹದ ಕೆಡುವುದಿಲ್ಲ. ಆದರೆ ಚರ್ಮವನ್ನೂ ಕಣ್ಣನ್ನೂ ಸುಡಬಲ್ಲ ಆ ದ್ರಾವಣ ಅಡುಗೆಮನೆಯ ಕೆಲಸವಲ್ಲ. ತಣ್ಣಗೆ ಹಚ್ಚುವ ಸೆಲೆನಿಯಂ ದ್ರಾವಣಗಳುಂಟು. ಅವು ವಿಷ, ಬಣ್ಣವೂ ಬಹುಕಾಲ ನಿಲ್ಲದು. ಯಾವ ನೀಲಿಯಾದರೂ ಎಣ್ಣೆ ಕಾಣದಿದ್ದರೆ ತುಕ್ಕಿಗೆ ಸೋಲುತ್ತದೆ.

ಸಂಜೆ ರಿಬಂದರಕ್ಕಿಳಿದು ನದಿಯ ದಂಡೆಯಲ್ಲಿ ನಡೆದೆ. ಮುಂದಿನ ಪಾಣೆಲಿಯಲ್ಲಿ ಪೋರ್ಚುಗೀಸರ ಮದ್ದಿನ ಕಾರ್ಖಾನೆಯಿತ್ತು. ಅದರಾಚೆ ಹಳೆ ಗೋವೆಯಲ್ಲಿ ಅವರ ಆಯುಧಶಾಲೆ. 1510ರಲ್ಲಿ ಬಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಸಿದುಕೊಂಡ ಅಲ್ಬುಕರ್ಕ್, ಇಲ್ಲಿಯ ಕಮ್ಮಾರರು ಬೊಹೀಮಿಯದವರಿಗೆ ಸಮನಾದ ಬಂದೂಕುಗಳನ್ನು ಮಾಡಬಲ್ಲರೆಂದು 1513ರಲ್ಲಿ ತನ್ನ ದೊರೆಗೆ ಬರೆದ. 1543ರಲ್ಲಿ ಜಪಾನಿನ ತಾನೆಗಶಿಮ ದ್ವೀಪ ತಲುಪಿದ ಬಂದೂಕುಗಳ ಮಾದರಿಯೂ ಗೋವೆಯ ಕಡೆಯದೆಂದು ಕೆಲವು ವಿದ್ವಾಂಸರ ಮತ. ಆ ದೊರೆಯ ಹೆಸರು, ಅಲ್ಬುಕರ್ಕನ ಹೆಸರು ಚರಿತ್ರೆಯಲ್ಲಿವೆ; ಬಣ್ಣ ನೋಡಿ ಹದವರಿತ ಆ ಕಮ್ಮಾರರ ಹೆಸರು ಮಾತ್ರ ನಮ್ಮ ಬಾಯಲ್ಲಿಲ್ಲ.

ರಾತ್ರಿ ಮಿತ್ರರಿಗೆ ಉತ್ತರ ಬರೆದೆ: "ಒಲೆ ಹಚ್ಚಬೇಡಿ. ಬಂದೂಕನ್ನು ಪರವಾನಗಿಯುಳ್ಳ ದುರಸ್ತಿಗಾರರಿಗೆ ತೋರಿಸಿ. ಮೊಳೆಗಳ ಮೇಲೆ ನೀಲಿ ಬರಲಿ, ಒಳಕೊಂಡಿಗಳನ್ನು ಇದ್ದಂತೆಯೇ ಬಿಡಲಿ. ಇದು ಚಿಂಬಲಿನ ಒಬ್ಬ ಹಿರಿಯರ ಮಾತು; ಅದಕ್ಕೆ ಅವರು ಬೆಲೆ ತೆತ್ತಿದ್ದಾರೆ."