ಶಿಕಾಗೋದಿಂದ, ಓಡುವ ತಮ್ಮನಿಗೆ

ಶಿಕಾಗೋ, ಜನವರಿ 18

ಪ್ರೀತಿಯ ತಮ್ಮನಿಗೆ,

ಮುಂದಿನ ತಿಂಗಳು ಬರುವಾಗ ಯಾವ ಬಟ್ಟೆ ತರಲಿ, ಅಲ್ಲೂ ಬೆಳಿಗ್ಗೆ ಓಡಬಹುದೇ ಎಂದು ಕೇಳಿದ್ದೆಯಲ್ಲ, ಅದಕ್ಕೇ ಈ ಕಾಗದ. ಧಾರಾಳವಾಗಿ ಓಡಬಹುದು. ಆದರೆ ನಮ್ಮೂರ ಕುಕ್ಕರಹಳ್ಳಿ ಕೆರೆಗೆ ಡಿಸೆಂಬರಿನಲ್ಲಿ ಸ್ವೆಟರ್ ಏರಿಸಿಕೊಂಡು ಹೊರಟಂತೆ ಹೊರಡುವ ಹಾಗಿಲ್ಲ.

ಮನೆಯಿಂದ ಹತ್ತು ನಿಮಿಷ ನಡೆದರೆ ಮಿಶಿಗನ್ ಸರೋವರ. ಆಚೆ ದಡವೇ ಕಾಣದು, ಕಡಲೆಂದೇ ಅನ್ನಬೇಕು. ದಂಡೆಯುದ್ದಕ್ಕೂ 29 ಕಿಲೋಮೀಟರ್ ದಾರಿ. ಅಲೆ ಬಡಿದ ಬಂಡೆಗಳ ಮೇಲೆ ನೀರು ಸುರಿದ ಮೇಣದಂತೆ ಹೆಪ್ಪುಗಟ್ಟಿದೆ. ಎಷ್ಟು ನೋಡಿದರೂ ಕಣ್ಣು ತಣಿಯದು.

ಮೊದಲ ದಿನ ನಾನು ಮಾಡಿದ್ದನ್ನು ನೀನು ಮಾಡಬೇಡ. ಮೈನಸ್ 9 ಡಿಗ್ರಿ ಇತ್ತು. ಊರಿನ ಹತ್ತಿ ಟೀ ಶರ್ಟು, ಸ್ವೆಟರ್, ಅದರ ಮೇಲೆ ಮಗಳ ದಪ್ಪ ಕೋಟು. ಎರಡು ಕಿಲೋಮೀಟರಿಗೆ ಬೆನ್ನೆಲ್ಲ ಬೆವರು. ವಾಪಸು ತಿರುಗಿದ್ದೇ ತಡ, ಗಾಳಿ ಎದುರಾಯಿತು. ಒದ್ದೆ ಬಟ್ಟೆ ಬೆನ್ನಿಗಂಟಿ ಮಂಜುಗಡ್ಡೆ ಇಟ್ಟಂತಾಯಿತು. ಮನೆ ಸೇರಿದಾಗ ಬೆರಳು ಮಡಚಲು ಬರಲಿಲ್ಲ. ಮಗಳೇ ಕೂತು ನನ್ನ ಶೂ ಲೇಸು ಬಿಚ್ಚಿದಳು.

ಇಲ್ಲಿ ಚಳಿಗಿಂತ ಬೆವರಿಗೆ ಹೆದರಬೇಕು ಕಣೋ. ಗಾಳಿಗಿಂತ ನೀರು ಮೈಯ ಶಾಖವನ್ನು ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಹತ್ತಿ ಬೆವರು ಕುಡಿದು ಒಣಗದೆ ಕೂರುತ್ತದೆ. ಮೈಗಂಟುವ ಬಟ್ಟೆ ಪಾಲಿಯೆಸ್ಟರಿನದೋ ತೆಳು ಮೆರಿನೋ ಉಣ್ಣೆಯದೋ ಆಗಿರಲಿ. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ. ತುಂಬಾ ಚಳಿಯಿದ್ದರೆ ನಡುವೆ ಒಂದು ತೆಳು ಉಣ್ಣೆಯದು, ಎಲ್ಲದರ ಮೇಲೆ ಗಾಳಿ ತಡೆಯುವ, ಜಿಪ್ ಇರುವ ಹಗುರ ಜಾಕೆಟ್. ಸೆಕೆಯಾದರೆ ಜಿಪ್ ಇಳಿಸು, ಬೆವರುವ ತನಕ ಕಾಯಬೇಡ.

ಹೊರಗೆ ಇರುವುದಕ್ಕಿಂತ ಹತ್ತು ಡಿಗ್ರಿ ಹೆಚ್ಚಿದೆ ಎಂದುಕೊಂಡು ಬಟ್ಟೆ ಹಾಕಬೇಕಂತೆ. ನಾನೂ ಈಗ ಹಾಗೇ ಮಾಡುತ್ತೇನೆ. ಬಾಗಿಲು ದಾಟುವಾಗ ನಡುಕ ಬಂದರೆ ಅಳತೆ ಸರಿಯಾಗಿದೆ ಎಂದರ್ಥ; ಹತ್ತು ನಿಮಿಷದಲ್ಲಿ ಮೈ ಕಾಯುತ್ತದೆ.

ಗಾಳಿಯ ಲೆಕ್ಕವೇ ಬೇರೆ. ಮೈನಸ್ 10 ಇದ್ದು ಗಾಳಿ ಗಂಟೆಗೆ 30 ಕಿಲೋಮೀಟರ್ ಬೀಸಿದರೆ ಚರ್ಮಕ್ಕೆ ಮೈನಸ್ 20ರಂತೆ ತಾಗುತ್ತದೆ. ಆ ಲೆಕ್ಕ ಮೈನಸ್ 28ರ ಹತ್ತಿರ ಹೋದರೆ ಮುಚ್ಚದ ಮೂಗು, ಕಿವಿ ಅರ್ಧ ಗಂಟೆಯಲ್ಲೇ ಮರಗಟ್ಟಬಹುದು. ಅಂಥ ದಿನ ನಾನು ಮನೆ ಬಿಡುವುದಿಲ್ಲ, ನೀನೂ ಹಟ ಮಾಡಬೇಡ. ಉಳಿದ ದಿನ ಗಾಳಿಗೆ ಎದುರಾಗಿ ಹೊರಟು, ಬೆವರಿದ ಮೇಲೆ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಮರಳುತ್ತೇನೆ. ಕೆನ್ನೆಗೆ ವ್ಯಾಸಲೀನ್, ಕಿವಿ ಮುಚ್ಚುವ ಟೋಪಿ. ನಾಲ್ಕು ಬೆರಳೂ ಒಂದೇ ಚೀಲದಲ್ಲಿ ಕೂರುವ ಕೈಗವಸೇ ಹೆಚ್ಚು ಬೆಚ್ಚಗೆ, ಬೆರಳು ಒಂದಕ್ಕೊಂದು ಕಾವು ಕೊಡುತ್ತವೆ.

ನಿನ್ನೆ ಉಸಿರಿನ ಹಬೆ ರೆಪ್ಪೆಗೂದಲ ಮೇಲೆ ಬೆಳ್ಳಗೆ ಕೂತಿತ್ತು. ಕಣ್ಣು ಮಿಟುಕಿಸಿದಾಗ ಮೇಲಿನದು ಕೆಳಗಿನದಕ್ಕೆ ಒಂದು ಕ್ಷಣ ಅಂಟಿ ಬಿಟ್ಟಿತು. ಮೈ ಮಾತ್ರ ಬೆಚ್ಚಗಿತ್ತು. ಎಷ್ಟು ಖುಷಿಯಾಯಿತು ಗೊತ್ತಾ? ಮನೆಗೆ ಬಂದವಳೇ ಒದ್ದೆ ಬಟ್ಟೆ ಬದಲಿಸಿದೆ, ಆಮೇಲೇ ಕಾಫಿ.

ಜಾಕೆಟ್ಟು, ಟೋಪಿ ಇಲ್ಲೇ ಇವೆ. ಹತ್ತಿ ಬನಿಯನ್ ಊರಲ್ಲೇ ಇರಲಿ. ಉಣ್ಣೆ ಕಾಲುಚೀಲ ಎರಡು ಜೊತೆ ತಾ, ಜೊತೆಗೆ ಅರ್ಧ ಕಿಲೋ ಕಾಫಿಪುಡಿ.

ನಿನ್ನ ಅಕ್ಕ